ಎಣ್ಣೆ ಹಾಕಿದವನ ಮೊದಲ ಸವಾರಿ

ಘಾಟಿಯ ಏಳನೇ ತಿರುವಿನಲ್ಲಿ ಹಿಂದಿನ ಸೀಟಿನ ಮೇಷ್ಟ್ರು ಕಿಟಕಿ ಇಳಿಸಿ, "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲಪ್ಪಾ," ಎಂದರು. ಸ್ಟೇರಿಂಗ್ ಹಿಡಿದಿದ್ದ ಜೈದ್‌ಗೆ ಆ ವಾಸನೆ ಮೂರು ತಿರುವು ಹಿಂದೆಯೇ ಬಡಿದಿತ್ತು. ಬಾಯಿ ಬಿಟ್ಟಿರಲಿಲ್ಲ, ಅಷ್ಟೆ. ಟ್ಯಾಕ್ಸಿ ಓಡಿಸುವವನು ಬಾಯಿ ಬಿಟ್ಟರೆ ಕೂತವರೆಲ್ಲ ಒಟ್ಟಿಗೆ ಬಾಯಿ ಬಿಡುತ್ತಾರೆ. ಆಮೇಲೆ ಕಾರು ನೋಡಿಕೊಳ್ಳುವುದೋ ಜನರನ್ನು ನೋಡಿಕೊಳ್ಳುವುದೋ?

ನಲವತ್ತು ವರ್ಷದ ಬೆಂಜ್ ಅದು. ಆರು ಜನರನ್ನು ತುಂಬಿಕೊಂಡು ದೆಮ್ನಾತಿನಿಂದ ಬೆಟ್ಟದಾಚೆಯ ವರ್ಜಾಜಾತಿಗೆ ವಾರಕ್ಕೆ ಮೂರು ಸಲ ಈ ಬೆಟ್ಟ ಹತ್ತಿ ಇಳಿಯುತ್ತಿತ್ತು. ಇವತ್ತು ಮಾತ್ರ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆಯುತ್ತಿರುವ ಹಾಗೆ ಏದುಸಿರು ಬಿಡುತ್ತಿತ್ತು. ಬ್ರೇಕಿನ ಪೆಡಲು ಕಲ್ಲಿನಂತೆ ಗಟ್ಟಿಯಾಗಿತ್ತು. ಕಾಲು ತೆಗೆದರೂ ಬ್ರೇಕು ಬಿಡುತ್ತಿರಲಿಲ್ಲ.

"ಯಾವ ವಾಸನೆ? ಕೆಳಗೆ ಇದ್ದಿಲು ಸುಡ್ತಿರ್ತಾರೆ," ಎಂದ ಪಕ್ಕದಲ್ಲಿ ಕೂತಿದ್ದ ಅಪ್ಪ, ಲಹ್ಸೆನ್ ಮೇಸ್ತ್ರಿ. ಅವನ ಆಚೆ ಕೂತಿದ್ದ ತೂದಜ್ಜಿ ಆಗಲೇ ಶಾಲಿನಿಂದ ಮೂಗು ಮುಚ್ಚಿಕೊಂಡಿದ್ದಳು. ಹಿಂದಿನ ನಾಲ್ಕೂ ಜನ ಮೂಗು ಹಿಡಿದುಕೊಂಡಿದ್ದರು. ಮೇಸ್ತ್ರಿ ಒಬ್ಬನೇ ತಲೆ ಓರೆ ಮಾಡಿ ಚಕ್ರದ ಸದ್ದು ಕೇಳುತ್ತ ಆರಾಮಾಗಿ ಕೂತಿದ್ದ.

ದೆಮ್ನಾತಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಂದು ಕಟ್ಟಳೆ ಇತ್ತು. ಕಾರಿಗೆ ದೊಡ್ಡ ಸರ್ವಿಸ್ ಮಾಡಿದವನು ಅದರ ಮೊದಲ ಸವಾರಿಯಲ್ಲಿ ಮುಂದಿನ ಸೀಟಿನಲ್ಲಿ ಕೂರಬೇಕು. ತನ್ನ ಕೈಕೆಲಸಕ್ಕೆ ತನ್ನ ಜೀವವನ್ನೇ ಒತ್ತೆಯಿಡಬೇಕು. ಆ ಕಟ್ಟಳೆ ತಂದವನೇ ಲಹ್ಸೆನ್. ಬಾಗಿಲ ಕೀಲು, ಹ್ಯಾಂಡ್‌ಬ್ರೇಕಿನ ತಂತಿ, ಚಕ್ರದ ಬೇರಿಂಗು, ಯಾವುದಕ್ಕೆ ಎಷ್ಟು ಗ್ರೀಸ್ ಅನ್ನುವುದು ಅವನ ಬೆರಳಿಗೆ ಗೊತ್ತಿತ್ತು. ಯಾವ ಬಾಟಲಿಯಲ್ಲಿ ಏನಿದೆ ಅನ್ನುವುದು ಮೂಗಿಗೆ ಗೊತ್ತಿತ್ತು. ಬೇರೆ ಮೆಕ್ಯಾನಿಕ್‌ಗಳು ಬಾಟಲಿಗೆ ಚೀಟಿ ಅಂಟಿಸುವುದನ್ನು ನೋಡಿದರೆ ಅವನಿಗೆ ನಗು. "ಚೀಟಿ ಇರೋದು ಮೂಗಿಲ್ಲದವರಿಗೆ ಕಣೋ," ಎನ್ನುತ್ತಿದ್ದ.

ಮೊನ್ನೆ ಗುರುವಾರ ಮಧ್ಯಾಹ್ನ ಅವನು ಎರಡು ಕಾರಿಗೆ ಸರ್ವಿಸ್ ಮಾಡಿದ್ದ. ಒಂದು ಮಗನದು, ಇನ್ನೊಂದು ಮಿಮೂನನದು. ಎರಡಕ್ಕೂ ಹಳೆ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬಿದ್ದ. ಶುಕ್ರವಾರ ಎರಡೂ ನಿಂತಿದ್ದವು. ಇವತ್ತು ಎರಡಕ್ಕೂ ಮೊದಲ ಸವಾರಿ. ಒಬ್ಬ ಮನುಷ್ಯ ಎರಡು ಕಾರಿನಲ್ಲಿ ಕೂರುವುದು ಹೇಗೆ? ಮಿಮೂನ್ ಅರ್ಧ ಗಂಟೆ ಮೊದಲೇ ಆರು ಜನರನ್ನು ಹತ್ತಿಸಿಕೊಂಡು ಹೊರಟುಹೋಗಿದ್ದ.

ಘಾಟಿಯ ನೆತ್ತಿಗಿಂತ ಸ್ವಲ್ಪ ಕೆಳಗೆ ಒಂದು ಚಹಾ ಅಂಗಡಿ ಇದೆ. ಜೈದ್ ಅಲ್ಲಿಯವರೆಗೆ ಹೇಗೋ ಎಳೆದುಕೊಂಡು ಬಂದು ನಿಲ್ಲಿಸಿದ. ಮುಂದಿನ ಎರಡೂ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

"ಹತ್ತು ನಿಮಿಷ ಇಳೀರಿ. ಇಂಜಿನ್ ಬಿಸಿಯಾಗಿದೆ," ಎಂದ. ಹಸಿ ಸುಳ್ಳು. ಎಲ್ಲರೂ ಇಳಿದರು.

"ಎಡಗಡೆ ಮುಂದಿನ ಚಕ್ರ ಗೊಣಗ್ತಿದೆ. ಬೇರಿಂಗ್ ಬಿಗಿಯಾಗಿರಬೇಕು. ತಣ್ಣಗಾಗ್ಲಿ, ನೋಡ್ತೀನಿ," ಎಂದು ಲಹ್ಸೆನ್ ತನ್ನ ಬುತ್ತಿಗಂಟು ಹಿಡಿದು ಅಂಗಡಿಯ ಕಡೆ ನಡೆದ. ತೂದಜ್ಜಿಯೂ ಮೇಷ್ಟ್ರೂ ಅವನ ಹಿಂದೆ ಹೋದರು.

ಜೈದ್ ಬಾನೆಟ್ ಎತ್ತಿದ. ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಮೇಲುಗಡೆ ಹಸಿರು ಪದರ ತೇಲುತ್ತಿತ್ತು. ಬೆರಳದ್ದಿ ಮೂಗಿಗೆ ಹಿಡಿದ. ಆಲಿವ್ ಎಣ್ಣೆ. ಗಾಣದಿಂದ ಈ ವಾರವಷ್ಟೇ ಬಂದ ಹೊಸ ಎಣ್ಣೆ.

ಊಟದ ಎಣ್ಣೆ ತಾಗಿದರೆ ಬ್ರೇಕಿನೊಳಗಿನ ರಬ್ಬರು ಉಬ್ಬುತ್ತದೆ, ಬ್ರೇಕು ಚಕ್ರವನ್ನು ಹಿಡಿದು ಬಿಡುವುದೇ ಇಲ್ಲ, ಕಾದು ಕಾದು ಕೊನೆಗೆ ಬೇಕಾದಾಗ ಕೆಲಸವನ್ನೇ ಮಾಡುವುದಿಲ್ಲ. ಇದು ಸ್ಟ್ಯಾಂಡಿನ ಪ್ರತಿಯೊಬ್ಬನಿಗೂ ಗೊತ್ತು. ಕಲಿಸಿದವನು ಅಪ್ಪನೇ. ಗುರುವಾರ ಅಪ್ಪ ಸುರಿಯುತ್ತಿದ್ದಾಗ ಒಳಗೆ ಕೂತು ಪೆಡಲು ತುಳಿದುಕೊಟ್ಟವನು ಜೈದ್‌ನೇ. ಗಾಣ ಆಡುವ ವಾರದಲ್ಲಿ ಊರಿಗೆ ಊರೇ ಎಣ್ಣೆಯ ವಾಸನೆ ಹೊಡೆಯುತ್ತದೆ. ಅವನಿಗೆ ಹೇಗೆ ತಿಳಿಯಬೇಕು?

ಆದರೆ ಇನ್ನೊಂದು ತಿಳಿದಿತ್ತಲ್ಲ! ಹೋದ ಚಳಿಗಾಲದಲ್ಲಿ ಅಪ್ಪನ ಎದುರೇ ಹಾಲು ಉಕ್ಕಿ ಸೀದು ಕರಕಲಾಗಿತ್ತು. ಅವನು ಕೂತಲ್ಲಿಂದ ಕದಲಿರಲಿಲ್ಲ. "ಆ ಜ್ವರ ಬಂದು ಹೋದ ಮೇಲೆ ಮಾವನಿಗೆ ವಾಸನೆ ತಿಳಿತಿಲ್ಲ ಕಣ್ರೀ, ಒಂದು ವರ್ಷ ಆಯ್ತು," ಎಂದಿದ್ದಳು ಹೆಂಡತಿ ಇಟ್ಟೊ. "ಸುಮ್ನಿರು, ಹೊರಗೆ ಯಾರಾದ್ರೂ ಕೇಳಿಸಿಕೊಂಡಾರು," ಎಂದು ಜೈದ್ ಅವಳ ಬಾಯಿ ಮುಚ್ಚಿಸಿದ್ದ. ಮೇಸ್ತ್ರಿಗೆ ಮೂಗಿಲ್ಲ ಎಂದರೆ ನಾಳೆಯಿಂದ ಅವನ ಹತ್ತಿರ ಕಾರು ತರುವವರು ಯಾರು?

ಗುರುವಾರ ಇಟ್ಟೊ ಅಪ್ಪನ ಬುತ್ತಿಗೆಂದು ಹೊಸ ಎಣ್ಣೆಯನ್ನು ತುಂಬಿಕೊಟ್ಟದ್ದು ದೊಡ್ಡದೊಂದು ಕಂದು ಬಣ್ಣದ ಔಷಧಿ ಬಾಟಲಿಯಲ್ಲಿ. ಬ್ರೇಕ್ ಆಯಿಲ್ ಇದ್ದದ್ದೂ ಅಂಥದೇ ಬಾಟಲಿಯಲ್ಲಿ. ಎರಡೂ ಅಪ್ಪನ ಸಾಮಾನಿನ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇದ್ದವು. ಒಂದರಲ್ಲಿದ್ದದ್ದು ಕಾರಿನ ಹೊಟ್ಟೆಗೆ ಹೋಯಿತು. ಹಾಗಾದರೆ ಇನ್ನೊಂದು?

ಜೈದ್ ತಿರುಗಿ ನೋಡಿದ. ಅಂಗಡಿಯ ಮುಂದಿನ ಕಲ್ಲುಕಟ್ಟೆಯ ಮೇಲೆ ಅಪ್ಪ ಗಂಟು ಬಿಚ್ಚಿ, ರೊಟ್ಟಿ ಮುರಿದು, ತಟ್ಟೆಗೆ ಕಂದು ಬಾಟಲಿಯಿಂದ ಧಾರಾಳವಾಗಿ ಸುರಿಯುತ್ತಿದ್ದ. "ನಮ್ಮ ಮರದ್ದು ಅಜ್ಜಿ. ಮೊದಲ ತುತ್ತು ನಿಮ್ಮದು," ಎನ್ನುತ್ತಿದ್ದ. ತೂದಜ್ಜಿ ರೊಟ್ಟಿ ಅದ್ದಿ ಬಾಯಿಯ ಹತ್ತಿರ ತಂದಿದ್ದಳು.

ಜೈದ್ ಹೇಗೆ ಓಡಿದನೋ ಅವನಿಗೇ ಗೊತ್ತಿಲ್ಲ. ಅಜ್ಜಿಯ ಕೈಗೆ ಹೊಡೆದ. ರೊಟ್ಟಿ ಹಾರಿ ಧೂಳಿನಲ್ಲಿ ಬಿತ್ತು. ತಟ್ಟೆ ಕವುಚಿಕೊಂಡಿತು.

ಅಂಗಡಿಯವನು ಚಹಾ ಸುರಿಯುವುದನ್ನು ನಿಲ್ಲಿಸಿದ. ಆ ನಾಡಿನಲ್ಲಿ ಕಾಲಿಗೆ ಒಂದು ಚೂರು ರೊಟ್ಟಿ ಸಿಕ್ಕರೂ ಎತ್ತಿ ಮುತ್ತಿಟ್ಟು ಎತ್ತರದಲ್ಲಿಡುತ್ತಾರೆ. ರೊಟ್ಟಿಯನ್ನು ನೆಲಕ್ಕೆ ಹೊಡೆದವನನ್ನು ಯಾರೂ ಕಂಡವರಿಲ್ಲ.

"ಹುಚ್ಚು ಹಿಡೀತೇನೋ ನಿಂಗೆ?" ಲಹ್ಸೆನ್ ಎದ್ದು ನಿಂತ. "ವಯಸ್ಸಾದವಳ ಕೈಯಿಂದ ರೊಟ್ಟಿ ಬೀಳಿಸ್ತೀಯಾ? ಇದನ್ನೇನೋ ನಾನು ಕಲಿಸಿದ್ದು?"

"ಅಪ್ಪಾ, ಇಲ್ಲಿ ಬಾ."

"ಮೊದಲು ರೊಟ್ಟಿ ಎತ್ತು."

"ಅಪ್ಪಾ, ಅದು ಬ್ರೇಕ್ ಆಯಿಲ್. ವಿಷ. ನಮ್ಮ ಎಣ್ಣೆ ಬ್ರೇಕಿನ ಡಬ್ಬಿಯಲ್ಲಿದೆ."

ತೂದಜ್ಜಿ ತನ್ನ ಬೆರಳು ಮೂಸಿದಳು. ಮುಖ ಕಿವುಚಿ ಕೈಯನ್ನು ಮಣ್ಣಿಗೆ ತಿಕ್ಕತೊಡಗಿದಳು.

"ಸುಳ್ಳು," ಎಂದ ಲಹ್ಸೆನ್. "ನಾನೇ ಮೂಸಿ ನೋಡಿ ಹಾಕಿದೀನಿ." ಧ್ವನಿ ಗಟ್ಟಿಯಾಗಿತ್ತು. ಆದರೆ ಕಣ್ಣು ಮಗನ ಮುಖ ಬಿಟ್ಟು ಎಲ್ಲೋ ನೋಡುತ್ತಿತ್ತು.

ಅಷ್ಟರಲ್ಲಿ ಅವನಿಗೆ ಮಿಮೂನ್ ನೆನಪಾದ. ನಮ್ಮ ಕಾರೇನೋ ನಿಂತಿದೆ. ಅವನದು? ಅದಕ್ಕೂ ಸುರಿದದ್ದು ಅದೇ ಬಾಟಲಿಯಿಂದ. ಇಷ್ಟು ಹೊತ್ತಿಗೆ ನೆತ್ತಿ ದಾಟಿ ಇಳಿಜಾರಿಗೆ ಬಿದ್ದಿರುತ್ತಾನೆ. ಇಳಿಯುವುದರಲ್ಲಿ ಅವನದು ಕುದುರೆ ಓಟ. ಪಕ್ಕದಲ್ಲಿ ಮುನ್ನೂರು ಅಡಿ ಪ್ರಪಾತ.

ಫೋನ್ ತೆಗೆದು ಒತ್ತಿದ. ರಿಂಗಾಯಿತು, ರಿಂಗಾಯಿತು, ಕಟ್ಟಾಯಿತು. ಮತ್ತೆ ಒತ್ತಿದ. ಈ ಸಲ ಎರಡೇ ರಿಂಗಿಗೆ ಅತ್ತ ಕಡೆಯಿಂದಲೇ ಕಟ್ ಮಾಡಿದ. ಹೋದ ವಾರ ಸ್ಟ್ಯಾಂಡಿನಲ್ಲಿ ಸರದಿಯ ವಿಷಯಕ್ಕೆ ಇಬ್ಬರಿಗೂ ಕೈಕೈ ಮಿಲಾಯಿಸುವಷ್ಟು ಜಗಳವಾಗಿತ್ತು. ಆಗಿನಿಂದ ಮಾತಿಲ್ಲ ಕತೆಯಿಲ್ಲ.

"ಅಪ್ಪಾ, ನನ್ನ ಫೋನು ಅವನು ಎತ್ತಲ್ಲ. ನಿನ್ನದಾದ್ರೆ ಎತ್ತುತ್ತಾನೆ. ಮಾಡು."

"ಏನಂತ ಮಾಡ್ಲಿ?"

ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ಹೇಳದಿದ್ದರೆ ಏಳು ಜನರ ಪ್ರಾಣ. ಸುತ್ತ ಪ್ರಯಾಣಿಕರೆಲ್ಲ ನಿಂತಿದ್ದರು. ಸಂಜೆಯೊಳಗೆ ದೆಮ್ನಾತಿನ ಗಲ್ಲಿಗಲ್ಲಿಯಲ್ಲಿ ಇದೇ ಮಾತು ಓಡಾಡುತ್ತದೆ ಎನ್ನುವುದರಲ್ಲಿ ಅನುಮಾನವಿರಲಿಲ್ಲ.

ಲಹ್ಸೆನ್ ಯಾರನ್ನೂ ನೋಡದೆ ಕಾರಿನ ಹತ್ತಿರ ನಡೆದ. ಬ್ರೇಕಿನ ಡಬ್ಬಿಗೆ ಬಗ್ಗಿದ. ಮೂಗು ಹತ್ತಿರ ತಂದ, ಉಸಿರೆಳೆದ, ಮತ್ತೊಮ್ಮೆ ಎಳೆದ. ಆಮೇಲೆ ಮೇಲಿನ ಹಸಿರು ಪದರಕ್ಕೆ ಕಿರುಬೆರಳ ತುದಿ ತಾಗಿಸಿ ನಾಲಿಗೆಗೆ ಒರೆಸಿಕೊಂಡ.

ಹೊಸ ಎಣ್ಣೆಗೆ ಒಂದು ಗುಣವಿದೆ. ಮೂಗು ಇರಲಿ ಬಿಡಲಿ, ಗಂಟಲು ಹಿಡಿಯುತ್ತದೆ, ಮೆಣಸಿನಂತೆ. ಲಹ್ಸೆನ್ ಕೆಮ್ಮಿದ. ಬಗ್ಗಿ ಉಗುಳಿದ, ಮತ್ತೆ ಕೆಮ್ಮಿದ. ತಲೆ ಎತ್ತಿದಾಗ ಅವನ ಕಣ್ಣಲ್ಲಿ ನೀರಿತ್ತು.

"ಕೊಡು," ಎಂದ. ಮಗನ ಫೋನಿಗೆ ಕೈ ಚಾಚಿ, ಕೂಡಲೇ ತಲೆ ಕೊಡವಿ, ಅಂಗಿಯ ಒಳಜೇಬಿನಿಂದ ತನ್ನ ಹಳೆ ಗುಂಡಿ ಫೋನನ್ನೇ ತೆಗೆದ. ಜೈದ್ ನಂಬರು ಒತ್ತಿಕೊಟ್ಟ.

ಮೂರನೇ ರಿಂಗಿಗೆ ಮಿಮೂನನ ದನಿ ಜೋರಾಗಿ ಕೇಳಿತು. "ಏನ್ ಮೇಸ್ತ್ರಿಗಳೇ, ನಮ್ಮ ಕಾರಲ್ಲಿ ಕೂರ್ಲಿಲ್ಲ ಅಂತ ಈಗ ಹೊಟ್ಟೆ ಉರೀತಿದ್ಯಾ?"

"ಎಲ್ಲಿದೀಯಾ?"

"ಇಳೀತಾ ಇದೀನಿ. ಕಾರು ಯಾಕೋ ಹಿಡ್ಕೊಂಡ ಹಾಗೆ ಇದೆ, ವಾಸನೇನೂ ಬರ್ತಿದೆ…"

"ಕೇಳು. ಬ್ರೇಕ್ ನಂಬಬೇಡ. ಎರಡನೇ ಗೇರಿಗೆ ಹಾಕು, ಬೆಟ್ಟದ ಬದಿಗೆ ತಗೋ. ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಹಾಕು. ಅದರ ತಂತಿಗೆ ಗ್ರೀಸೇ ಹಾಕಿದೀನಿ, ಅದು ಹಿಡಿಯುತ್ತೆ."

"ಯಾಕೆ ಮೇಸ್ತ್ರಿಗಳೇ, ಏನಾಯ್ತು?"

ಲಹ್ಸೆನ್ ಕಣ್ಣು ಮುಚ್ಚಿದ. "ನಿನ್ನ ಬ್ರೇಕಿಗೆ ನಾನು ಊಟದ ಎಣ್ಣೆ ಹಾಕಿದೀನಿ ಮಗನೇ. ನಂಗೆ ವಾಸನೆ ತಿಳಿಯಲ್ಲ. ಎರಡು ವರ್ಷ ಆಯ್ತು, ಯಾರಿಗೂ ಹೇಳಿರ್ಲಿಲ್ಲ. ಈಗ ಹಾಕು ಗೇರು."

ಅತ್ತ ಕಡೆ ಫೋನು ಎಲ್ಲೋ ಬಿದ್ದ ಸದ್ದು. ಇಂಜಿನ್ ಕಿರುಚಿತು. ಹೆಂಗಸೊಬ್ಬಳು ದೇವರನ್ನು ಕರೆದಳು. ಜಲ್ಲಿಕಲ್ಲು ಕರಕರ ಎಂದಿತು, ತಗಡು ಬಂಡೆಗೆ ಉಜ್ಜಿತು, ಆಮೇಲೆ ಏನೂ ಇಲ್ಲ. ಜೈದ್ ಅಪ್ಪನ ಮಣಿಕಟ್ಟು ಹಿಡಿದುಕೊಂಡಿದ್ದ. ಯಾವಾಗ ಹಿಡಿದೆನೆಂದು ಅವನಿಗೇ ತಿಳಿದಿರಲಿಲ್ಲ.

"ಮಿಮೂನ್," ಎಂದ ಲಹ್ಸೆನ್. "ಮಿಮೂನ್, ಮಾತಾಡೋ."

ತುಂಬ ಹೊತ್ತಾದ ಮೇಲೆ ಉಸಿರು ಕೇಳಿತು. "ನಿಂತಿದೆ ಮೇಸ್ತ್ರಿಗಳೇ. ಬಂಡೆಗೆ ಒರಗಿಸಿ ನಿಲ್ಸಿದೀನಿ. ಚಕ್ರದಲ್ಲಿ ಹೊಗೆ. ಜನ ಇಳೀತಿದಾರೆ. ಎಲ್ಲರೂ ಇದಾರೆ." ಆಮೇಲೆ ಕೇಳಿದ, "ನೀವು ಇದೀರಾ?"

"ಇದೀನಿ," ಎಂದು ಲಹ್ಸೆನ್ ಫೋನು ಇಟ್ಟ.

ಮೇಷ್ಟ್ರು ಸುಮ್ಮನೆ ಹೋಗಿ ಅಜ್ಜಿಗೆ ಕೈ ತೊಳೆಯಲು ನೀರು ತಂದರು. ಲಹ್ಸೆನ್ ಧೂಳಿನಲ್ಲಿ ಬಿದ್ದಿದ್ದ ರೊಟ್ಟಿಯನ್ನು ಎತ್ತಿಕೊಂಡ, ಬ್ರೇಕ್ ಆಯಿಲ್ ತಾಗದ ಅಂಚಿಗೆ ಮುತ್ತಿಟ್ಟ. ನಾಯಿಬೆಕ್ಕಿಗೂ ಸಿಗಬಾರದೆಂದು ಕಲ್ಲಿನ ಕೆಳಗೆ ಹೂತ. ಬಂದು ಕಟ್ಟೆಯ ಮೇಲೆ ಮಗನ ಪಕ್ಕ ಕೂತ.

"ಸ್ಟ್ಯಾಂಡಿನಲ್ಲಿ ನಾನೇ ಹೇಳ್ತೀನಿ. ನೀನು ಬಾಯಿ ಹಾಕಬೇಡ," ಎಂದ.

"ನಂಗೂ ಗೊತ್ತಿತ್ತು ಅಪ್ಪಾ. ಮೂಗಿನ ವಿಷಯ."

ಲಹ್ಸೆನ್ ಮಗನ ಕಡೆ ತಿರುಗಿದ. ಬೈಯುತ್ತಾನೆ ಎಂದುಕೊಂಡ ಜೈದ್. ಬೈಯಲಿಲ್ಲ. ಕಂದು ಬಾಟಲಿಯನ್ನು ಅವನ ಮಡಿಲಿಗಿಟ್ಟ.

"ಇದಕ್ಕೊಂದು ಚೀಟಿ ಅಂಟಿಸು," ಎಂದ. ಸ್ವಲ್ಪ ಯೋಚಿಸಿ, "ಚೀಟಿ ಬೇಡ, ನಂಗೆ ಓದೋಕೆ ಬರಲ್ಲ. ಏನಾದ್ರೂ ಕಟ್ಟು," ಎಂದ.

ತೂದಜ್ಜಿ ತನ್ನ ಶಾಲಿನ ಅಂಚಿನಿಂದ ಒಂದು ಕೆಂಪು ಉಣ್ಣೆಯ ಎಳೆ ಕಿತ್ತು ಕೊಟ್ಟಳು. ಜೈದ್ ಅದನ್ನು ಬಾಟಲಿಯ ಕುತ್ತಿಗೆಗೆ ಸುತ್ತಿ ಗಂಟು ಹಾಕಿದ. ಲಹ್ಸೆನ್ ಕಣ್ಣು ಮುಚ್ಚಿ, ಬೆರಳಿನಿಂದ ಆ ಗಂಟನ್ನು ಸವರಿ ನೋಡಿದ.

"ಇನ್ನೊಂದು ಗಂಟು ಹಾಕು," ಎಂದ.