ಕೇಟಿಯ ಕೋಟು

ನೋರಾಳ ಹೆಸರಿನ ಗೋರಿ ಎಲ್ಲೂ ಇರಲಿಲ್ಲ, ಅದಕ್ಕೇ ನವೆಂಬರಿನ ಪಟ್ಟಿಯಲ್ಲೂ ಅವಳಿರಲಿಲ್ಲ — ಇಗರ್ಜಿಯಲ್ಲಿ ಮೇಣದ ವಾಸನೆ, ಒದ್ದೆ ಉಣ್ಣೆಯ ವಾಸನೆ, ಅಟ್ರ್ಯಾಕ್ಟಾಳ ತೊಡೆಯ ಮೇಲೆ ಮನೆಯ ಸತ್ತವರ ಹೆಸರು ಬರೆಯುವ ಲಕೋಟೆ, ಪಾದ್ರಿ ಬರುವುದರೊಳಗೆ ಅದು ಪೀಠದ ಮೇಲಿರಬೇಕು, ತಿಂಗಳಿಡೀ ಆ ಹೆಸರುಗಳಿಗೇ ಪ್ರಾರ್ಥನೆ, ಪಕ್ಕದಲ್ಲಿ ಎಂಬತ್ತೊಂಬತ್ತರ ಅಮ್ಮ ಟೀಸಿ ಮೊಣಕೈಯಿಂದ ತಿವಿಯುತ್ತಾಳೆ, ಕೇಟಿ ಅತ್ತೇನ ಹಾಕಿದ್ಯೇನೇ, ಹಾಕಿದೆ ಅಮ್ಮ, ನೋರಾ ಅತ್ತೇನ ಹಾಕಬೇಡ, ಬದುಕಿರೋರನ್ನ ಬರೆದ್ರೆ ನಾವೇ ಮಣ್ಣು ಮಾಡಿದಂಗೆ, ಅಮ್ಮ ಅವಳಿಗೆ ಈಗ ನೂರ ಇಪ್ಪತ್ತೆಂಟು, ಆಗ್ಲಿ ಬಿಡು, ಹೆಹಿರ್ ಮನೆಯೋರು ಹಟಮಾರಿಗಳು — ಅಮ್ಮನ ಅಪ್ಪ, ಕೇಟಿ ನೋರಾ ಇಬ್ಬರಿಗೂ ತಮ್ಮನಾದ ತಾತನೂ ಇದನ್ನೇ ಹೇಳುತ್ತಿದ್ದ, ಅಕ್ಕ ಸತ್ತ ಸುದ್ದಿ ಬರಲಿ ಆಮೇಲೆ ಬರೆಯೋಣ ಅಂತ, ಸುದ್ದಿ ಬರಲಿಲ್ಲ, ತಾತನೇ ಹೋದ, ಈಚೆಗೆ ಒಂಬತ್ತು ವರ್ಷ ಅಟ್ರ್ಯಾಕ್ಟಾ ಅಮೆರಿಕಕ್ಕೆ ಹೋದ ಹಡಗುಗಳ ಪ್ರಯಾಣಿಕರ ಪಟ್ಟಿಗಳಲ್ಲಿ ನೋರಾ ಹೆಹಿರ್‌ಳನ್ನು ಹುಡುಕಿದಳು, ಒಂದು ಹಾಳೆಯಲ್ಲಿ ಕೇಟಿ ಹೆಹಿರ್ ಎಷ್ಟು ಸಲ ಕಣ್ಣಿಗೆ ಬಿದ್ದಳೋ, 1911ರ ಏಪ್ರಿಲ್, ನಮ್ಮ ಕ್ಲೇರ್ ಜಿಲ್ಲೆಯವಳು, ನಮ್ಮದೇ ಊರು, ನಮ್ಮ ಕೇಟಿ ಇಲ್ಲೇ ಗುಡ್ಡದ ಮಣ್ಣಿನಲ್ಲಿದ್ದಾಳಲ್ಲ ಅಂದುಕೊಂಡು ಹಾಳೆ ತಿರುವಿಬಿಟ್ಟಳು, ನಿನ್ನೆ ಬಾಸ್ಟನ್ನಿನಿಂದ ಯಾರೋ ಬರೆದಿದ್ದಾನೆ, ನಮ್ಮಜ್ಜಿ ಕೇಟಿ, ನಿಮ್ಮ ಹೆಹಿರ್ ಮನೆಯ ಮಗಳು, 1958ರ ಫೆಬ್ರವರಿಯಲ್ಲಿ ತೀರಿಕೊಂಡಳು, ಜೊತೆಗೆ ಎರಡು ಫೋಟೋ, ಒಂದು ಗೋರಿಕಲ್ಲು, ಇನ್ನೊಂದರಲ್ಲಿ ಬಂದರಿನಲ್ಲಿ ನಿಂತ ಹುಡುಗಿ, ತೋಳು ಬೆರಳುಗಳನ್ನೂ ನುಂಗಿರುವ ಕೋಟು, ಕೊನೆಯ ಗುಂಡಿ ಮಾತ್ರ ಬಿಳಿ — ಮನೆಯ ಗೋಡೆಯ ಫೋಟೋದಲ್ಲಿ ಅದೇ ಕೋಟು, ಅದೇ ಬಿಳಿ ಗುಂಡಿ, ಎತ್ತರದ ಕೇಟಿಯ ಮಣಿಕಟ್ಟಿಗೆ ಅಳೆದು ಹೊಲಿದ ತೋಳು, ಅವಳ ಹೆಗಲಿಗೂ ಬಾರದ ನೋರಾ ಪಕ್ಕದಲ್ಲಿ. ಟಿಕೆಟ್ಟು ಕೇಟಿಯ ಹೆಸರಿಗೆ ಬಂದಿತ್ತು, ಹೊರಡುವ ವಾರ ಕೇಟಿ ಜ್ವರಕ್ಕೆ ಸತ್ತಳು, ಊರವರು ಒಂದೇ ವಾರದಲ್ಲಿ ಎರಡು ಸಲ ಬಂದು ಅತ್ತರು, ಹೆಣದ ಮುಂದೊಮ್ಮೆ, ಹೊರಟವಳ ಮುಂದೊಮ್ಮೆ, ಅಮೆರಿಕಕ್ಕೆ ಹೊರಟವರಿಗೂ ಹೆಣಕ್ಕೆ ಅತ್ತ ಹಾಗೇ ಅಳುತ್ತಿದ್ದರು, ಟಿಕೆಟ್ಟು ಹಾಳಾಗಬಾರದು ಎಂದು ನೋರಾಳನ್ನು ಕೋಟಿನೊಳಗೆ ತೂರಿಸಿ ಕಳಿಸಿದರು, ಮೂರು ವರ್ಷದ ತಾತನಿಗೆ ಯಾರು ಹೇಳುತ್ತಾರೆ, ನೋರಾ ಕಾಗದವಾದರೂ ಯಾವ ಹೆಸರಿನಲ್ಲಿ ಬರೆಯಬೇಕಿತ್ತು, ಸತ್ತ ಮಗಳ ಸಹಿ ನೋಡಿ ತಾಯಿ ಏನಾಗಬೇಕಿತ್ತು — ಅಟ್ರ್ಯಾಕ್ಟಾ ಕೇಟಿಯ ಕೆಳಗೆ ನೋರಾ ಎಂದು ಬರೆದಳು. ಏಯ್, ಸತ್ತಳು ಅಂತ ಯಾರೇ ಹೇಳಿದ್ದು. ಅಟ್ರ್ಯಾಕ್ಟಾ ಬಂದರಿನ ಫೋಟೋ ಕೊಟ್ಟಳು, ಅಮ್ಮ ಕನ್ನಡಕ ಏರಿಸಿ ನೋಡಿದಳು, ಇದು ಕೇಟಿ ಅತ್ತೆ ಕೋಟಲ್ವೇನೇ, ಹೂಂ ಅಮ್ಮ, ಅಮ್ಮ ಹೆಬ್ಬೆರಳಿನಿಂದ ತೋಳಿನ ತುದಿಯನ್ನು ಉಜ್ಜಿದಳು, ಒಳಗಿನದು ಹೊರಗೆ ಬರುತ್ತದೇನೋ ಎನ್ನುವಂತೆ ಮತ್ತೆ ಉಜ್ಜಿದಳು, ಕೈ ಎಲ್ಲೇ ಈ ಹುಡುಗೀದು, ಗಂಟೆ ಬಾರಿಸಿತು, ಎಲ್ಲರೂ ಎದ್ದರು, ಅಮ್ಮ ಏಳಲಿಲ್ಲ, ಬೆರಳಿಲ್ಲದ ತೋಳು, ಬಿಳಿ ಗುಂಡಿ, ಬೆರಳಿಲ್ಲದ ತೋಳು. ನೋರಾ ಸತ್ತ ವರ್ಷದಿಂದ ಹೋದ ವರ್ಷದವರೆಗೆ, ಅವಳ ಹೆಸರಿಗೆ ಪ್ರಾರ್ಥನೆಯಿಲ್ಲದ ಅರವತ್ತಾರು ನವೆಂಬರ್.