ನೊರೆಯ ಕೆಳಗಿನ ಹೂಂ

ಕಟ್ಟಡದ ಯಜಮಾನರ ಕಿವಿಯ ಕೆಳಗೆ ನೊರೆಯ ಒಂದು ಗುಳ್ಳೆ ಊದಿಕೊಂಡಿದೆ, ಗುಳ್ಳೆಯಲ್ಲಿ ಕಿಟಕಿ, ಕಿಟಕಿಯಲ್ಲಿ ಬೀದಿ, ಬೀದಿಯಲ್ಲಿ ಯಾರದೋ ಸೈಕಲ್ಲು — ಒಡೆಯಿತು, ಒಡೆದರೆ ಒಡೆಯಲಿ, ಇವತ್ತು ಏನು ಒಡೆದರೂ ನನಗೆ ಖುಷಿಯೇ, ಹೂಂ ಅಂದರಲ್ಲ ಯಜಮಾನರು, ಈ ಅಂಗಡಿ ಹತ್ತು ವರ್ಷಕ್ಕೆ ನನಗೇ ಬಾಡಿಗೆಗೆ ಬರ್ಕೊಡ್ತೀರಾ ಸಾರ್ ಅಂದೆ, ಹೂಂ ಅಂದರು, ಮುಗಿಯಿತು, ಇನ್ನು ವರ್ಷ ವರ್ಷ ಇವರ ಮನೆ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವ ಪಾಡಿಲ್ಲ, ಆ ಖಾಲಿ ಗೋಡೆಗೆ ಎರಡನೆಯ ಕನ್ನಡಿ ಬರುತ್ತದೆ, ಎರಡನೆಯ ಕುರ್ಚಿ, ಕುರ್ಚಿಯ ಹಿಂದೆ ನನ್ನ ಹೆಂಡತಿ, ಯಾರದೋ ಪಾರ್ಲರಿನಲ್ಲಿ ಯಾರದೋ ಕತ್ತರಿ ಹಿಡಿದು ನಿಂತು ನಿಂತು ಕಾಲು ಊದಿಸಿಕೊಂಡವಳು, ಇನ್ನು ಅವಳ ಕತ್ತರಿ ಅವಳದೇ, ಮನೇಲಿ ನಿಮ್ಮ ಮುಖ ನೋಡೋದು ಸಾಲದು ಅಂತ ಅಂಗಡೀಲೂ ನೋಡ್ಬೇಕಾ ಅನ್ನುತ್ತಾಳೆ, ಅನ್ನಲಿ, ಮರುದಿನವೇ ಪರದೆಗೆ ಬಟ್ಟೆ ಆರಿಸಲು ಹೊರಡುತ್ತಾಳೆ, ನನಗೆ ಗೊತ್ತಿಲ್ಲವೇ — ಕತ್ತಿ ನೆಟ್ಟಗಿರಲಿ ಮಾರಾಯ, ಕುಣಿತ ಕಾಲಲ್ಲಿದ್ದರೆ ಸಾಕು, ಕೈಗೆ ಬರುವುದು ಬೇಡ — ಕತ್ತಿಯ ನೊರೆ ಒರೆಸಿ ಮತ್ತೆ ಗಂಟಲಿಗೆ ತಂದೆ, ಗಂಟಲಿನ ಗಂಟು ನೊರೆಯ ಕೆಳಗೆ ಟಣ್ಣನೆ ಮೇಲಕ್ಕೆ ಜಿಗಿಯಿತು, ಅಲ್ಲೇ ಸಿಕ್ಕಿಕೊಂಡು ನಿಂತಿತು, ಕೆಳಗಿಳಿಯಲೇ ಇಲ್ಲ. ಹೂಂ ಅನ್ನುವ ಮುಂಚೆಯೂ ಅದು ಹೀಗೇ ಜಿಗಿದಿತ್ತು.

ಹಾಗಾದರೆ ಹೂಂ ಅನ್ನಿಸಿದ್ದು ಯಾರು, ಇವರ ಮನಸ್ಸೋ ನನ್ನ ಕತ್ತಿಯೋ, ಛೆ, ಏನು ಯೋಚನೆ, ಇಷ್ಟು ವರ್ಷದಿಂದ ಬರುವ ಮನುಷ್ಯ ನನ್ನ ಕತ್ತಿಗೆ ಹೆದರುತ್ತಾರೆಯೇ, ಆದರೆ ಅಂಗಡಿಯ ಕಟ್ಟಳೆ ನಡೆಸುವವನು ನಾನೇ ತಾನೆ, ಅಪ್ಪ ನನಗೆ ಹೇಳಿಕೊಟ್ಟಿದ್ದು, ನಾನು ಎಲ್ಲ ಗಿರಾಕಿಗಳಿಗೂ ಹೇಳುವುದು, ಕತ್ತಿ ಗಂಟಲ ಮೇಲಿದ್ದಾಗ ಮಾತಿಲ್ಲ, ತಲೆ ಆಡಿಸುವ ಹಾಗಿಲ್ಲ, ಬೇಕಿದ್ದರೆ ತುಟಿ ತೆರೆಯದೆ ಹೂಂ ಅನ್ನಿ — ನೀರು ಬಿಸಿ ಇದೆಯಾ ಸಾರ್, ಹೂಂ, ಮೀಸೆ ಸಣ್ಣ ಮಾಡ್ಲಾ, ಹೂಂ — ಈ ಕುರ್ಚಿಯಲ್ಲಿ ಮಲಗಿ ಊಹೂಂ ಅಂದವರು ಇದುವರೆಗೆ ಒಬ್ಬರೂ ಇಲ್ಲ, ಅನ್ನಬೇಕಾದರೆ ತಲೆ ಅಲ್ಲಾಡಬೇಕು, ತಲೆ ಅಲ್ಲಾಡಿದರೆ ಗಂಟಲು ಕೊಯ್ದುಹೋಗುತ್ತದೆ. ಅಂಥ ಜಾಗದಲ್ಲಿ ಹೋಗಿ ಹತ್ತು ವರ್ಷದ ಕರಾರು ಕೇಳಿದ್ದೇನೆ, ಬುದ್ಧಿವಂತ. ಮೊನ್ನೆ ಇದೇ ಕುರ್ಚಿಯಲ್ಲಿ ವಕೀಲರೊಬ್ಬರು, ಮುಖ ಒರೆಸಿಕೊಳ್ಳುತ್ತಾ, ಕರಾರಿಗೆ ಸಹಿ ಬಿದ್ದರೆ ಸಾಲದು ಕಣಯ್ಯ, ಹೆದರಿಸಿರಬಾರದು, ಮೋಸ ಮಾಡಿರಬಾರದು, ಇಬ್ಬರ ತಲೇಲೂ ಒಂದೇ ವಿಷಯ ಇರಬೇಕು, ಬೇಡ ಅನ್ನೋಕೆ ಜಾಗ ಇದ್ರೇನೇ ಬೇಕು ಅಂದಿದ್ದಕ್ಕೆ ಬೆಲೆ ಅಂದರು, ನಾನು ಪಟಿಕ ಉಜ್ಜುತ್ತಾ ಹೌದೌದು ಸಾರ್ ಅಂದೆ, ತಲೆಗೆ ಹೋಗಿದ್ದು ಈಗ. ಸುಮ್ಮನಿದ್ದುಬಿಡಲೇ, ಯಾರಿಗೆ ಗೊತ್ತಾಗುತ್ತದೆ, ಪಕ್ಕದ ಬೇಕರಿಯವನೂ ಈ ಜಾಗದ ಮೇಲೆ ಕಣ್ಣಿಟ್ಟಿದ್ದಾನೆ, ಕತ್ತಿ ಬಿಟ್ಟು ಕೇಳಿದರೆ ಕುರ್ಚಿಯೂ ಹೋಯಿತು, ಕನ್ನಡಿಯೂ ಹೋಯಿತು — ಆದರೆ ಹೆಂಡತಿಗೆ ಏನು ಹೇಳಲಿ, ಹೇಗೆ ಒಪ್ಪಿಸಿದ್ರಿ ಅಂತ ಕೇಳೇ ಕೇಳುತ್ತಾಳೆ, ಒಪ್ಪಿಗೆಯ ವಿಷಯದಲ್ಲಿ ಅವಳು ಬಲು ಖಡಕ್ಕು, ನಮ್ಮ ಮದುವೆ ಮಾತಿನ ದಿನ ಎರಡೂ ಕಡೆಯ ಹಿರಿಯರು ನನ್ನ ಸುತ್ತ ಕೂತು ಹುಡುಗಿ ಒಪ್ಪಿಗೆನಾ ಅಂದಾಗ ನಾನು ಬೆವರುತ್ತಾ ಹೂಂ ಅಂದಿದ್ದೆ, ಆಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದರೆ ಟವೆಲು ಕೊಡುವ ನೆಪದಲ್ಲಿ ಬಂದಳು, ಅಲ್ಲಿ ಎಲ್ಲರ ಎದುರು ಹೇಳಿದ್ದು ಬಿಡಿ, ಇಷ್ಟ ಇಲ್ದಿದ್ರೆ ಈಗ ಹೇಳಿ, ನಾನೇ ಬೇಡ ಅಂದೆ ಅಂತ ಹೇಳ್ತೀನಿ, ನಿಮ್ಮ ಮೇಲೆ ಮಾತು ಬರಲ್ಲ ಅಂದಳು. ಹಿತ್ತಲ ಬಾಗಿಲು ತೆರೆದೇ ಇತ್ತು, ಓಡಿಹೋಗಬಹುದಿತ್ತು, ಓಡಲಿಲ್ಲ, ಒದ್ದೆ ಕೈಯಲ್ಲೇ ನಿಂತು ಇಷ್ಟ ಇದೆ ಅಂದೆ, ನಾನು ಮದುವೆಯಾದದ್ದು ಆ ಹಿತ್ತಲಲ್ಲಿ, ಇವತ್ತಿಗೂ ನೆನೆದರೆ ನಗು ಉಕ್ಕುತ್ತದೆ, ಎಂಥಾ ಹೆಂಗಸು ಸಿಕ್ಕಿದಳು ನನಗೆ.

ಸರಿ, ಕೇಳಿಯೇಬಿಡುತ್ತೇನೆ, ಈಗಲೇ — ಬೇಡ, ಈಗ ಬೇಡ, ಅರ್ಧ ಗಡ್ಡದಲ್ಲಿ ಕೇಳಿದರೆ ಅದೂ ಬಲವಂತವೇ, ಒಂದು ಕಡೆ ನೊರೆ ಇಟ್ಟುಕೊಂಡು ಯಾವ ಮರ್ಯಾದಸ್ಥ ಬೀದಿಗಿಳಿಯುತ್ತಾನೆ, ಪೂರ್ತಿ ಮುಗಿಸಬೇಕು, ಬಲಗೆನ್ನೆ, ತುಟಿಯ ಕೆಳಗೆ, ಪಟಿಕ, ಬಿಸಿ ಟವೆಲು, ಕತ್ತಿ ಮಡಚಿ ಡ್ರಾಯರಿನೊಳಗೆ, ಡ್ರಾಯರು ಮುಚ್ಚಿ, ಕತ್ತಿನ ಬಟ್ಟೆ ಬಿಚ್ಚಿ, ಪಾಪ ಕೈಗಳೂ ಒಳಗೇ ಸಿಕ್ಕಿಕೊಂಡಿದ್ದವು, ಕುರ್ಚಿ ಎತ್ತಿ, ಏಳಿ ಸಾರ್, ಚಪ್ಪಲಿ ಮೆಟ್ಟಿ, ಆ ಬಾಗಿಲ ಹತ್ತಿರ ನಿಂತ್ಕೊಳ್ಳಿ, ಯಾಕಯ್ಯಾ ಅಂದರು, ನಿಂತ್ಕೊಳ್ಳಿ ಸಾರ್, ಆಗ ಕೇಳಿದ್ದನ್ನ ಇನ್ನೊಂದ್ಸಲ ಕೇಳ್ತೀನಿ, ಬೇಡ ಅಂದ್ರೆ ಬೇಡ, ಮುಂದಿನ ವಾರಾನೂ ಇಷ್ಟೇ ನಯವಾಗಿ ಮಾಡ್ತೀನಿ. ಯಜಮಾನರು ಗದ್ದ ಸವರಿಕೊಂಡರು, ಬೀದಿ ನೋಡಿದರು, ಬೇಕರಿಯ ಬೋರ್ಡು ನೋಡಿದರು, ನಿಜ ಹೇಳ್ಬೇಕು ಅಂದ್ರೆ ಆಗ ಹೆದರಿ ಹೂಂ ಅಂದೆ ಕಣಯ್ಯ, ಅದನ್ನ ಲೆಕ್ಕಕ್ಕೆ ಹಿಡೀಬೇಡ ಅಂದರು, ನನ್ನ ಕನ್ನಡಿ ಹೋಯಿತು, ಕುರ್ಚಿ ಹೋಯಿತು, ಪರದೆ ಹೋಯಿತು, ಆದರೂ ಯಾಕೋ ಹಗುರ, ಹೂಂ ಸಾರ್ ಅಂದೆ, ಈ ಸಲ ಹೂಂ ಅನ್ನುವ ಸರದಿ ನನ್ನದು. ನಿನ್ನೆ ಬೇಕರಿಯವನು ನನ್ನ ಬಾಯಿ ತುಂಬ ಬನ್ನು ತುರುಕಿ ಕೇಳಿದ, ನೀನು ಕತ್ತಿ ಇಟ್ಟು ಕೇಳಿದೆ, ಬಿಟ್ಟು ಕೇಳಿದೋನು ಮಾತ್ರ ನೀನೊಬ್ನೇ ಅನ್ನುತ್ತಾ ಒಳಗೆ ಬಂದರು, ತಾವಾಗಿಯೇ ಕುರ್ಚಿ ಹತ್ತಿದರು, ತಾವಾಗಿಯೇ ತಲೆ ಹಿಂದಕ್ಕೆ ಒರಗಿಸಿ ಗದ್ದ ಎತ್ತಿ ಕಣ್ಣು ಮುಚ್ಚಿದರು, ತೆಗೆಯಯ್ಯ ನಿನ್ನ ಕತ್ತಿ, ಇಡು, ಈಗ ಕೇಳು. ಡ್ರಾಯರು ತೆಗೆದೆ, ಇಟ್ಟೆ, ಹತ್ತು ವರ್ಷ ಸಾರ್, ಅಂದೆ — ನೊರೆಯಿಲ್ಲ, ಬರಿಗಂಟಲು, ಕತ್ತಿಯ ಕೆಳಗೆ ಆ ಗಂಟು, ಹೂಂ, ಮೇಲಕ್ಕೆ ಹೋಯಿತು, ನಿಧಾನವಾಗಿ ಕೆಳಗಿಳಿಯಿತು.