ಅರಗು ಹಾಕುವ ಮುಂಚೆ

ಅಪ್ಪಿ ತೀರಿಹೋದ ಗಂಡನ ಬಾಯಿಗೆ ತುಳಸಿನೀರು ಬಿಡುತ್ತಿದ್ದಾಗ ಅಂಗಳದಿಂದ ಅವನದೇ ಸ್ವರ ಕೇಳಿಸಿತು. ಕಾಪುವಿನ ಮೈಕ್ ಅಂಗಡಿಯ ವಿಠಲ, ತಾನು ತಯಾರಿಸಿದ ಹೊಸ ಮೈಕ್ ಸೆಟ್ಟು ತಂದು, ಅವಳ ಗಂಡ ಭಾಗವತ ಉಮಾನಾಥನ ಹಳೆಯ ಟೇಪು ಹಾಕಿದ್ದ.

"ದೊಡ್ಡ ಮನಸ್ಸು ಮಾರಾಯ ನಿನ್ನದು," ಎಂದರು ಯಕ್ಷಗಾನ ಮೇಳದ ಯಜಮಾನ ದೇವದಾಸ ಶೆಟ್ಟರು.

ದೊಡ್ಡ ಮನಸ್ಸಂತೆ. ಕೊಂದವನೇ ಹೆಣಕ್ಕೆ ಹೂ ತಂದ ಹಾಗೆ, ಎಂದುಕೊಂಡಳು ಅಪ್ಪಿ. ದೀಪಾವಳಿ ಕಳೆದರೆ ಮೇಳ ಹೊರಡುತ್ತದೆ. ಶೆಟ್ಟರು ಒಪ್ಪಿದರೆ ಇಡೀ ತಿರುಗಾಟಕ್ಕೆ ಈ ಸೆಟ್ಟೇ. ಅಲ್ಲಿ ಹೆಸರು ಕೆಟ್ಟರೆ ವಿಠಲನ ಅಂಗಡಿ ಮುಚ್ಚಿದ ಹಾಗೆ.

*

ರಂಗಸ್ಥಳದಲ್ಲಿ ಕೂತು ಹಾಡುವವನಿಗೆ ಮೈಕಿನ ಹಾರ್ನಿನಿಂದ ಹೊರಡುವ ಸ್ವರ ತಿಳಿಯುವುದಿಲ್ಲ. ಅದಕ್ಕೇ ಉಮಾನಾಥ ಹಾಡುತ್ತಿದ್ದ ಕಾಲದಲ್ಲಿ ಅಪ್ಪಿ ಬಯಲಿನ ಕೊನೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದಳು. ಚೆಂಡೆ ಪದವನ್ನು ನುಂಗಿತೋ, ಏರುಸ್ವರ ಸೀಳಿತೋ, ಗಂಡನಿಗೆ ಹೇಳುವಳು, ಅವನು ವಿಠಲನಿಗೆ. ಅಪ್ಪಿ "ಸರಿ" ಎಂದ ಮೇಲೆಯೇ ವಿಠಲ ಸೆಟ್ಟಿನ ಸ್ವರ ಹೊಂದಿಸುವ ತಿರುಪು ಅಲುಗದಂತೆ ಅರಗು ಹಾಕುತ್ತಿದ್ದ. ಹಾಗೆ ಹುಟ್ಟಿದ ಸೆಟ್ಟು ಉಡುಪಿಯಿಂದ ಕಾರ್ಕಳದವರೆಗೆ ಹೆಸರಾಯಿತು.

ಹೆಸರು ವಿಠಲನ ತಲೆಗೇರಿತು. ಎಪ್ಪತ್ತೊಂಬತ್ತನೇ ಇಸವಿಯ ಸೆಟ್ಟನ್ನು ಅವನು ಅಪ್ಪಿಗೆ ಕೇಳಿಸದೆಯೇ ಮೇಳಕ್ಕೆ ಕೊಟ್ಟ. ಪದ ಒಡೆದು ಜನ ನಕ್ಕರು. "ಸೆಟ್ಟಿನಲ್ಲಿ ಎಂತದೂ ಇಲ್ಲ ಶೆಟ್ರೇ, ಭಾಗವತರ ಗಂಟಲು ಹೋಗಿದೆ," ಎಂದುಬಿಟ್ಟ. ಆ ವರ್ಷವೇ ಉಮಾನಾಥನನ್ನು ಮೇಳದಿಂದ ಬಿಡಿಸಿದರು, ಅವನ ಕೈಯಿಂದ ಜಾಗಟೆ ಇಳಿಯಿತು. ಅಲೆವೂರಿನ ಈ ಜಗಲಿಯಲ್ಲಿ ಕೂತವನು ಮತ್ತೆ ಒಂದು ಪದವನ್ನೂ ಹಾಡಲಿಲ್ಲ.

*

"ಅಪ್ಪಿಯಕ್ಕ," ವಿಠಲ ತಗ್ಗಿದ ಸ್ವರದಲ್ಲಿ ಕರೆದ. "ನಿಮ್ಮ ಕಿವಿಗೆ ಹಾಕದೆ ಒಮ್ಮೆ ಕೆಟ್ಟೆ. ತಪ್ಪು ಸೆಟ್ಟಿನದ್ದೇ ಇತ್ತು. ಈ ಸಲ ನೀವು ಹೇಳಿದರೆ ಮಾತ್ರ ಅರಗು. ಹೇಗುಂಟು?"

ಗಂಟಲು ಹೋಗಿರಲಿಲ್ಲವೆಂದು ಗೊತ್ತಿತ್ತು ಇವನಿಗೆ. ಇಷ್ಟು ವರ್ಷವೂ ಗೊತ್ತಿತ್ತು, ಎಂದುಕೊಂಡಳು ಅಪ್ಪಿ.

ಅವಳು ಅಂಗಳದಾಚೆ ಬೇಲಿಯ ದಾರಿಗೆ ಅಡ್ಡವಿದ್ದ ತಡಮೆಯವರೆಗೆ ನಡೆದು ನಿಂತು ಕೇಳಿದಳು. ಏರುಸ್ವರ ಬಂದಾಗ ಸಣ್ಣಗೆ ಒಂದು ಸೀಳು. ಅಂಗಳದಲ್ಲಿ ಯಾರಿಗೂ ತಿಳಿಯದು. ಬಯಲಿನಲ್ಲಾದರೆ ಅದೇ ದೊಡ್ಡದಾಗಿ ಕೇಳಿ ಜನ ಎದ್ದು ಹೋಗುತ್ತಾರೆ. ತಿರುಪನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರೆ ಸಾಕಿತ್ತು.

"ಎಂತ ಕೊರತೆಯೂ ಇಲ್ಲ," ಎಂದಳು ಮರಳಿ ಬಂದು. "ಶೆಟ್ರೇ, ಇದನ್ನೇ ತೆಗೆದುಕೊಳ್ಳಿ."

ಶೆಟ್ಟರು ತಲೆಯಾಡಿಸಿದರು. ವಿಠಲನ ಕಣ್ಣು ತುಂಬಿತು. ಅರಗಿನ ತುಂಡು ಹಿಡಿದು, ಬೆಂಕಿಪೊಟ್ಟಣಕ್ಕಾಗಿ ಕಿಸೆ ತಡಕಾಡಿದ.

"ನಿಲ್ಲು," ಎಂದಳು ಅಪ್ಪಿ. ಗಂಡನ ತಲೆಯ ಬಳಿ ಉರಿಯುತ್ತಿದ್ದ ದೀಪವನ್ನು ಎತ್ತಿ ತಂದು ಹಿಡಿದಳು. ಅರಗು ಕರಗಿ, ತಿರುಪಿನ ಮೇಲೆ ತೊಟ್ಟಿಕ್ಕಿ ಗಟ್ಟಿಯಾಗುವವರೆಗೂ ಅವಳು ದೀಪ ಕೆಳಗಿಡಲಿಲ್ಲ.